ಊರಿನ ಬಿಷಪ್: ಮೂರನೇ ಶತಮಾನದ ಕಾರ್ತೇಜಿನಲ್ಲಿ ಒಂದು ಹುದ್ದೆಯ ಕಥೆ

ಮೂರನೇ ಶತಮಾನದ ನಡುಭಾಗ. ಈಗಿನ ಟ್ಯುನೀಷಿಯಾದ ಸ್ಫಾಕ್ಸ್ ನಗರದ ಹತ್ತಿರ ಥೇನೆ ಎಂಬ ಕಡಲತಡಿಯ ಊರು. ಅಲ್ಲೊಬ್ಬ ನಟನಿದ್ದ. ಕ್ರೈಸ್ತನಾದ ಮೇಲೆ ರಂಗ ಹತ್ತುವುದನ್ನು ಬಿಟ್ಟ. ಆದರೆ ಹುಡುಗರಿಗೆ ಅಭಿನಯ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ರೋಮನ್ ರಂಗಭೂಮಿ ಆಗ ದೇವತೆಗಳ ಹಬ್ಬಗಳಿಗೆ ಅಂಟಿಕೊಂಡೇ ಇತ್ತು. ಹಾಗಾಗಿ ಅಲ್ಲಿನ ಬಿಷಪ್ ಯೂಕ್ರೇಟಿಯಸ್‌ಗೆ ಪೇಚಾಟ: ಈತನನ್ನು ಸಭೆಯಲ್ಲಿ, ಅಂದರೆ ಊರಿನ ಕ್ರೈಸ್ತರ ಕೂಟದಲ್ಲಿ, ಇಟ್ಟುಕೊಳ್ಳಬೇಕೋ ಬೇಡವೋ? ಆತ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ಗೆ ಪತ್ರ ಬರೆದು ಕೇಳಿದ.

ಸಿಪ್ರಿಯನ್ ಕೊಟ್ಟ ಉತ್ತರ ಇಂದಿಗೂ ಉಳಿದಿದೆ. ಮೊದಲ ಭಾಗ ಖಡಾಖಂಡಿತ: ತಾನು ಬಿಟ್ಟ ಕೆಲಸವನ್ನು ಮಕ್ಕಳಿಗೆ ಕಲಿಸುವವನು ಸಭೆಯಲ್ಲಿ ಇರುವಂತಿಲ್ಲ. ಎರಡನೇ ಭಾಗಕ್ಕೆ ಬಂದಾಗ ಮಾತಿನ ಧಾಟಿ ಬದಲಾಗುತ್ತದೆ. ಬಡತನದಿಂದ ಹೀಗೆ ಮಾಡುತ್ತಿದ್ದೇನೆ ಅಂತ ಆತ ಹೇಳಿದರೆ, ಸಭೆಯ ಖರ್ಚಿನಲ್ಲಿ ಊಟ ಮಾಡುವ ಉಳಿದವರ ಜೊತೆ ಅವನನ್ನೂ ಸೇರಿಸಿಕೊಳ್ಳಿ. ಸಾದಾ ಊಟ ಸಿಗುತ್ತದೆ, ಅಷ್ಟಕ್ಕೆ ತೃಪ್ತನಾಗಿರಬೇಕು. ಪಾಪ ಮಾಡದೆ ಇರುವುದಕ್ಕೆ ಸಂಬಳ ಕೊಡುತ್ತಿದ್ದಾರೆ ಎಂದು ಅವನು ತಿಳಿಯಬಾರದು. ನಿಮ್ಮ ಸಭೆಗೆ ಅಷ್ಟು ಶಕ್ತಿ ಇಲ್ಲವಾದರೆ ಇಲ್ಲಿಗೆ ಕಳಿಸಿ, ಅನ್ನ ಬಟ್ಟೆ ನಾವು ಕೊಡುತ್ತೇವೆ.

ಈ ಉಪನ್ಯಾಸವನ್ನು ಇಂಥ ಪುಟ್ಟ ಪತ್ರದಿಂದಲೇ ಶುರು ಮಾಡಿದ್ದಕ್ಕೆ ಕಾರಣವಿದೆ. ಬಿಷಪ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕ್ಯಾಥೆಡ್ರಲ್, ತಲೆಯ ಮೇಲೆ ಎತ್ತರದ ಕಿರೀಟ, ಕೈಯಲ್ಲಿ ದಂಡ. ಅವೆಲ್ಲ ಬಹಳ ಮುಂದಿನವು. ನಾನು ಹೇಳಹೊರಟ ಕಾಲದ ಬಿಷಪ್‌ನ ಕೈಯಲ್ಲಿ ಇದ್ದದ್ದು ಮೂರು ಸಂಗತಿ: ಯಾರು ಸಭೆಗೆ ಸೇರಿದವರು, ಯಾರು ಹೊರಗಿನವರು ಎಂಬ ತೀರ್ಮಾನ, ಜನ ತಂದುಕೊಟ್ಟ ಹಣ, ಅದರಿಂದ ಯಾರಿಗೆ ಊಟ ಎಂಬ ಲೆಕ್ಕ. ಈ ಮೂರೂ ಒಂದೇ ಕೈಯಲ್ಲಿ ಕೂಡಿದ್ದರಿಂದ ಆ ಹುದ್ದೆಗೆ ಬಲ ಬಂತು. ಆ ಬಲದ ಬೇರು ಇದ್ದದ್ದು ಊರಿನ ಜನರಲ್ಲಿ. ಇದನ್ನು ಕಾರ್ತೇಜಿನ ಹತ್ತು ವರ್ಷಗಳನ್ನು ಹಿಡಿದು ತೋರಿಸುತ್ತೇನೆ, ಸುಮಾರು 248ರಿಂದ 258ರವರೆಗೆ. ಸಿಪ್ರಿಯನ್ ಬರೆದ, ಅವನಿಗೆ ಬಂದ ಪತ್ರಗಳು 80ರ ಆಸುಪಾಸು ಉಳಿದಿರುವುದರಿಂದ, ಆ ಕಾಲದ ಬೇರೆ ಯಾವ ಬಿಷಪ್‌ಗಿಂತಲೂ ಅವನ ದಿನನಿತ್ಯದ ಕೆಲಸ ನಮಗೆ ಚೆನ್ನಾಗಿ ಕಾಣುತ್ತದೆ.

ಮೊದಲು ಊರಿನ ಬಗ್ಗೆ. ಹಳೆಯ ಕಾರ್ತೇಜನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ಸುಟ್ಟು ನೆಲಸಮ ಮಾಡಿದ್ದರು. ಅದೇ ಜಾಗದಲ್ಲಿ ಅವರೇ ಮತ್ತೆ ಕಟ್ಟಿದ ನಗರ ಇದು. ಆಫ್ರಿಕಾ ಪ್ರಾಂತದ ರಾಜಧಾನಿ; ಪಶ್ಚಿಮ ಮೆಡಿಟರೇನಿಯನ್‌ನಲ್ಲಿ ರೋಮ್ ಬಿಟ್ಟರೆ ಇದಕ್ಕೆ ಸಾಟಿಯಾದ ನಗರ ಇರಲಿಲ್ಲ. ರೋಮ್ ಜನರ ರೊಟ್ಟಿಗೆ ಬೇಕಾದ ಗೋಧಿಯ ದೊಡ್ಡ ಪಾಲು ಈ ಬಂದರಿನಿಂದ ಹಡಗು ಹತ್ತುತ್ತಿತ್ತು. ಬಿರ್ಸಾ ಗುಡ್ಡದ ಮೇಲೆ ದೇವಾಲಯಗಳು, ಕಡಲ ದಂಡೆಯಲ್ಲಿ ಆಂಟೊನೈನ್ ಚಕ್ರವರ್ತಿಗಳ ಕಾಲದ ಭಾರಿ ಸ್ನಾನಗೃಹ, ಝಗ್ವಾನ್ ಬೆಟ್ಟದಿಂದ ನೀರು ತರುವ ನೂರು ಕಿಲೋಮೀಟರಿಗೂ ಮಿಕ್ಕಿದ ಕಾಲುವೆ. ರಥಗಳ ಪಂದ್ಯ ನಡೆಯುವ ಸರ್ಕಸ್, ಮೃಗಗಳ ಕಾಳಗ ನಡೆಯುವ ಆಂಫಿಥಿಯೇಟರ್. ಈ ಆಂಫಿಥಿಯೇಟರಿನ ಮಣ್ಣಿನಲ್ಲೇ 203ರಲ್ಲಿ ಪರ್ಪೆಟುವಾ ಎಂಬ ಇಪ್ಪತ್ತೆರಡರ ತಾಯಿ, ಫೆಲಿಸಿಟಿ ಎಂಬ ದಾಸಿ, ಮತ್ತವರ ಸಂಗಡಿಗರು ಮೃಗಗಳ ಮುಂದೆ ನಿಂತು ಪ್ರಾಣ ಕೊಟ್ಟಿದ್ದರು.

ಆ ಗುಂಪಿನ ಸಾಟುರಸ್ ಎಂಬಾತ ಸೆರೆಮನೆಯಲ್ಲಿ ಕಂಡ ಕನಸೊಂದು ದಾಖಲಾಗಿದೆ. ಕನಸಿನಲ್ಲಿ ಅವರು ಪರಲೋಕದ ಬಾಗಿಲಿಂದ ಹೊರಬಂದಾಗ ಬಿಷಪ್ ಒಪ್ಟೇಟಸ್ ಒಂದು ಪಕ್ಕ, ಅಸ್ಪೇಸಿಯಸ್ ಎಂಬ ಹಿರಿಯ ಇನ್ನೊಂದು ಪಕ್ಕ, ಇಬ್ಬರೂ ಮುನಿಸಿಕೊಂಡು ನಿಂತಿದ್ದಾರೆ. ಇಬ್ಬರೂ ಈ ಸೆರೆಯಾಳುಗಳ ಕಾಲಿಗೆ ಬಿದ್ದು, ನಮ್ಮನ್ನು ರಾಜಿ ಮಾಡಿಸಿ ಅನ್ನುತ್ತಾರೆ. ದೇವದೂತರು ಬಿಷಪ್‌ಗೆ ಗದರುತ್ತಾರೆ: ನಿನ್ನ ಜನರನ್ನು ತಿದ್ದಿಕೋ, ಸರ್ಕಸ್ ನೋಡಿ ಬಂದವರು ಪಂಗಡ ಕಟ್ಟಿ ಜಗಳಾಡಿದ ಹಾಗೆ ನಿನ್ನ ಹತ್ತಿರ ಸೇರುತ್ತಾರೆ! ಐವತ್ತು ವರ್ಷ ಮುಂದೆ ಬರಲಿದ್ದ ಜಗಳದ ಬೀಜ ಈ ಕನಸಿನಲ್ಲೇ ಇದೆ. ಪ್ರಾಣ ಕೊಡಲು ಸಿದ್ಧನಾದ ರಕ್ತಸಾಕ್ಷಿ ದೊಡ್ಡವನೋ, ಸಭೆ ನಡೆಸುವ ಬಿಷಪ್ ದೊಡ್ಡವನೋ?

ಹುದ್ದೆಯ ಹಿನ್ನೆಲೆಯನ್ನು ಬೇಗ ದಾಟಿಬಿಡುತ್ತೇನೆ. ಮೊದಲ ತಲೆಮಾರುಗಳಲ್ಲಿ ಎಷ್ಟೋ ಊರುಗಳ ಸಭೆಯನ್ನು ಹಿರಿಯರ ಒಂದು ಗುಂಪು ನಡೆಸುತ್ತಿತ್ತು. ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಸೆರೆಯಾಳಾಗಿ ರೋಮಿಗೆ ಹೋಗುತ್ತ ದಾರಿಯಲ್ಲಿ ಪತ್ರ ಬರೆದ. ಒಬ್ಬ ಬಿಷಪ್, ಅವನ ಸುತ್ತ ಹಿರಿಯರು, ಕೈಕೆಲಸಕ್ಕೆ ಡೀಕನರು ಎಂಬ ಏರ್ಪಾಟಿಗೆ ಅವನು ಅಷ್ಟು ಒತ್ತಿ ವಾದಿಸುವುದನ್ನು ನೋಡಿದರೆ, ಎಲ್ಲರೂ ಅದನ್ನು ಇನ್ನೂ ಒಪ್ಪಿರಲಿಲ್ಲ ಅನಿಸುತ್ತದೆ. ಸಿಪ್ರಿಯನ್ನನ ಕಾಲಕ್ಕೆ ಅದು ಎಲ್ಲೆಡೆ ನಿಂತಿತ್ತು. ಎಷ್ಟು ಬೆಳೆದಿತ್ತು ಎಂಬುದಕ್ಕೆ ರೋಮಿನ ಬಿಷಪ್ ಕಾರ್ನೇಲಿಯಸ್ 251ರಲ್ಲಿ ಪತ್ರವೊಂದರಲ್ಲಿ ಕೊಟ್ಟ ಪಟ್ಟಿ ನೋಡಿ: 46 ಮಂದಿ ಹಿರಿಯರು, 7 ಡೀಕನರು, 7 ಉಪಡೀಕನರು, 42 ಸಹಾಯಕರು, ದೆವ್ವ ಬಿಡಿಸುವವರು, ಪಾಠ ಓದುವವರು, ಬಾಗಿಲು ಕಾಯುವವರು ಸೇರಿ 52. ಇವರ ಜೊತೆ, ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ಗತಿಯಿಲ್ಲದವರು 1500ಕ್ಕೂ ಹೆಚ್ಚು. ಕಾನೂನಿನ ನೆರಳೂ ಇಲ್ಲದ ಒಂದು ಧರ್ಮ, ಒಂದು ನಗರದಲ್ಲಿ 1500 ಬಾಯಿಗೆ ಅನ್ನ ಹಾಕುತ್ತಿತ್ತು. ಈ ಸಂಖ್ಯೆಯನ್ನು ಓದಿದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಸಿಪ್ರಿಯನ್ ಉಳ್ಳವನು. ವಾಗ್ಮಿ, ಅಲಂಕಾರಶಾಸ್ತ್ರದ ಮೇಷ್ಟ್ರು, ನಗರದ ದೊಡ್ಡವರ ಸ್ನೇಹವಿದ್ದವನು. 246ರ ಸುಮಾರಿಗೆ ದೀಕ್ಷಾಸ್ನಾನ ಪಡೆದ, ತನ್ನ ತೋಟಗಳನ್ನು ಮಾರಿ ಬಡವರಿಗೆ ಹಂಚಿದ. ಆ ತೋಟಗಳು ಹೇಗೋ ಮತ್ತೆ ಅವನ ಕೈಗೇ ಬಂದವು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಬಿಷಪ್ ಸ್ಥಾನ ತೆರವಾಯಿತು. ಅವನ ಡೀಕನ್ ಪಾಂಟಿಯಸ್ ಬರೆದಿಟ್ಟ ಚರಿತ್ರೆ ಹೇಳುವಂತೆ ಜನರು ಅವನ ಮನೆ ಬಾಗಿಲನ್ನೇ ಮುತ್ತಿದರು, ಓಣಿಗಳೆಲ್ಲ ತುಂಬಿಹೋದವು, ತಪ್ಪಿಸಿಕೊಳ್ಳಬೇಕೆಂದರೆ ಕಿಟಕಿಯಿಂದ ಇಳಿಯಬೇಕಿತ್ತು. ಇನ್ನೂ ಹೊಸಬ ಎಂದು ಐವರು ಹಿರಿಯರು ವಿರೋಧಿಸಿದರು. ಜನರ ಕೂಗು ಗೆದ್ದಿತು. ಆ ಐವರು ಮರೆಯಲಿಲ್ಲ.

ಆಯ್ಕೆಯಲ್ಲಿ ಜನರ ಪಾತ್ರ ಬರಿಯ ಶಾಸ್ತ್ರಕ್ಕಾಗಿ ಇದ್ದದ್ದಲ್ಲ. ಬಿಷಪ್ ಆಗುವುದಕ್ಕೆ ಏನೇನು ಬೇಕು ಎಂದು ಸಿಪ್ರಿಯನ್ ತಾನೇ ಹೇಳುತ್ತಾನೆ: ದೇವರ ತೀರ್ಪು, ಜನರ ಮತ, ಅಕ್ಕಪಕ್ಕದ ಊರುಗಳ ಬಿಷಪರ ಒಪ್ಪಿಗೆ. ಮುಂದೆ ಸ್ಪೇನಿನ ಎರಡು ಸಭೆಗಳು ನಮ್ಮ ಬಿಷಪರು ವಿಗ್ರಹಪೂಜೆಯ ಪ್ರಮಾಣಪತ್ರ ಪಡೆದು ಕಳಂಕ ಹಚ್ಚಿಕೊಂಡರು ಎಂದು ದೂರು ಕಳಿಸಿದಾಗ, ಯೋಗ್ಯರನ್ನು ಆರಿಸುವ, ಅಯೋಗ್ಯರನ್ನು ತಿರಸ್ಕರಿಸುವ ಅಧಿಕಾರ ಮುಖ್ಯವಾಗಿ ಜನರಿಗೇ ಇದೆ ಎಂದು ಅವನೂ ಜೊತೆಯ ಬಿಷಪರೂ ಉತ್ತರ ಬರೆದರು. ಬಿಷಪ್‌ನ ಅಧಿಕಾರವನ್ನು ಅಷ್ಟು ಗಟ್ಟಿಯಾಗಿ ಎತ್ತಿ ಹಿಡಿದವನ ಬಾಯಲ್ಲೇ ಈ ಮಾತು ಬಂದದ್ದು ನನಗೆ ಬಹಳ ಮುಖ್ಯ. ಅವನನ್ನು ಓದುವವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ.

ಇನ್ನು ಹಣದ ವಿಚಾರ. ಇದಕ್ಕೆ ಸುಮಾರು ಐವತ್ತು ವರ್ಷ ಮೊದಲು ಕಾರ್ತೇಜಿನವನೇ ಆದ ಕ್ರೈಸ್ತ ಬರಹಗಾರ ಟರ್ಟುಲಿಯನ್ ಸಭೆಯ ಪೆಟ್ಟಿಗೆಯ ಬಗ್ಗೆ ಬರೆದಿದ್ದ: ತಿಂಗಳಿಗೊಮ್ಮೆ, ಮನಸ್ಸಿದ್ದವರು, ಕೈಲಾದವರು ಒಂದಿಷ್ಟು ಹಾಕುತ್ತಾರೆ, ಬಲವಂತ ಇಲ್ಲ. ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ತಂದೆ ತಾಯಿ ಇಲ್ಲದ ಮಕ್ಕಳಿಗೆ, ದುಡಿದು ಮುದಿಯಾದ ಆಳುಗಳಿಗೆ, ಹಡಗು ಮುಳುಗಿ ಎಲ್ಲ ಕಳೆದುಕೊಂಡವರಿಗೆ, ಗಣಿಗೂ ಸೆರೆಗೂ ಹೋದವರಿಗೆ ಅದು ಖರ್ಚಾಗುತ್ತಿತ್ತು. ಇದಲ್ಲದೆ ಪ್ರತಿ ಭಾನುವಾರ ಜನ ರೊಟ್ಟಿ, ದ್ರಾಕ್ಷಾರಸ ತರುತ್ತಿದ್ದರು. ಸಿಪ್ರಿಯನ್ ಒಬ್ಬ ಶ್ರೀಮಂತ ಹೆಂಗಸನ್ನು ನೇರವಾಗಿ ಉದ್ದೇಶಿಸಿದಂತೆ ಬರೆದ ಸಾಲುಗಳಿವೆ: ಬರಿಗೈಯಲ್ಲಿ ಆರಾಧನೆಗೆ ಬರುತ್ತೀಯ, ಬಡವ ತಂದಿಟ್ಟ ಕಾಣಿಕೆಯಲ್ಲಿ ನೀನು ಪಾಲು ತಿನ್ನುತ್ತೀಯ! ಎಲ್ಲರೂ ತಂದದ್ದು ಒಂದೆಡೆ ಸೇರುತ್ತಿತ್ತು, ಅಲ್ಲಿಂದ ಹಂಚಿಕೆ. ಆ ಹಂಚಿಕೆಗೆ ಹೊಣೆ ಬಿಷಪ್. ಡೀಕನರು ಅವನ ಕೈ ಕಾಲು.

ಹಣ ಮುಟ್ಟುವವರಿಗೆ ನಿಯಮವೂ ಬಿಗಿ. ಫುರ್ನಿ ಎಂಬ ಊರಿನಲ್ಲಿ ಜೆಮಿನಿಯಸ್ ವಿಕ್ಟರ್ ಎಂಬಾತ ಉಯಿಲಿನಲ್ಲಿ ಸಭೆಯ ಹಿರಿಯನೊಬ್ಬನನ್ನು ಆಸ್ತಿಯ ಪಾಲಕನಾಗಿ ಹೆಸರಿಸಿ ಸತ್ತ. ಯಾಜಕರನ್ನು ಇಂಥ ಲೌಕಿಕ ವ್ಯವಹಾರಕ್ಕೆ ಎಳೆಯಬಾರದೆಂದು ಹಿಂದಿನ ಬಿಷಪರ ಸಭೆ ತೀರ್ಮಾನಿಸಿತ್ತು. ಅದನ್ನು ಮೀರಿದ್ದಕ್ಕೆ ಸತ್ತವನ ಹೆಸರಿನಲ್ಲಿ ಕಾಣಿಕೆಯಾಗಲಿ ಪ್ರಾರ್ಥನೆಯಾಗಲಿ ನಡೆಯಕೂಡದು ಎಂದು ಸಿಪ್ರಿಯನ್ ಆದೇಶಿಸಿದ. ಕಠಿಣ, ನಿಜ. ಆದರೆ ಊಟ ಹಂಚುವವನು ಪರರ ಆಸ್ತಿ ನೋಡಿಕೊಳ್ಳಲು ಕುಳಿತರೆ ಊಟಕ್ಕೆ ಕಾದವರ ಗತಿ ಏನು?

ಈಗ ಬಿರುಗಾಳಿಯ ವರ್ಷಕ್ಕೆ ಬರೋಣ. 249ರ ಕೊನೆಯಲ್ಲಿ ಚಕ್ರವರ್ತಿ ಡೆಸಿಯಸ್ ಒಂದು ಆಜ್ಞೆ ಹೊರಡಿಸಿದ: ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕು, ನೈವೇದ್ಯ ತಿನ್ನಬೇಕು, ಅದಕ್ಕೆ ಅಧಿಕಾರಿಗಳಿಂದ ಚೀಟಿ ಪಡೆಯಬೇಕು. ಈಜಿಪ್ಟಿನ ಮರಳಿನಲ್ಲಿ ಇಂಥ ಪಪೈರಸ್ ಚೀಟಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಕ್ಕಣೆ ಬಹುಪಾಲು ಒಂದೇ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ನಿಮ್ಮ ಸಮ್ಮುಖದಲ್ಲಿ ಆಜ್ಞೆಯಂತೆ ಅರ್ಪಿಸಿ ರುಚಿ ನೋಡಿದ್ದೇನೆ, ದಯವಿಟ್ಟು ದೃಢೀಕರಿಸಿ.

ಕಾರ್ತೇಜಿನಲ್ಲಿ ನಡೆದದ್ದನ್ನು ಸಿಪ್ರಿಯನ್ ನೋವಿನಿಂದ ಬರೆದಿದ್ದಾನೆ. ಯಾರೂ ಹಿಡಿಯುವ ಮೊದಲೇ ಜನ ತಾವಾಗಿ ಚೌಕಕ್ಕೆ ಓಡಿದರು. ಹೊತ್ತು ಮುಳುಗಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇವತ್ತೇ ಮುಗಿಸಿಕೊಡಿ ಎಂದು ಬೇಡಿಕೊಂಡರು. ತಂದೆ ತಾಯಿ ಊರು ಬಿಟ್ಟೋಡಿದಾಗ ದಾದಿಯ ಬಳಿ ಉಳಿದ ಒಂದು ಹೆಣ್ಣು ಕೂಸನ್ನು ದಾದಿ ಅಧಿಕಾರಿಗಳ ಬಳಿ ಒಯ್ದಳು. ಮಾಂಸ ತಿನ್ನುವ ವಯಸ್ಸಾಗಿರದ್ದರಿಂದ ಬಲಿಯಲ್ಲಿ ಮಿಕ್ಕ ದ್ರಾಕ್ಷಾರಸದಲ್ಲಿ ರೊಟ್ಟಿ ನೆನೆಸಿ ತಿನ್ನಿಸಿದರು. ಮುಂದೊಂದು ದಿನ, ಏನೂ ತಿಳಿಯದ ತಾಯಿ ಮಗುವನ್ನು ಆರಾಧನೆಗೆ ಎತ್ತಿಕೊಂಡು ಬಂದಳು. ಡೀಕನ್ ಪಾತ್ರೆ ಹಿಡಿದು ಎಲ್ಲರಿಗೂ ಕೊಡುತ್ತ ಬಂದಾಗ ಮಗು ಮುಖ ತಿರುಗಿಸಿತು, ತುಟಿ ಬಿಗಿಹಿಡಿಯಿತು. ಡೀಕನ್ ಬಿಡದೆ ಬಾಯಿಗೆ ಹನಿಸಿದ, ಮಗು ಬಿಕ್ಕಿ ಬಿಕ್ಕಿ ವಾಂತಿ ಮಾಡಿಕೊಂಡಿತು. ನಾನೇ ಅಲ್ಲಿದ್ದೆ, ನಾನೇ ಸಾಕ್ಷಿ ಎನ್ನುತ್ತಾನೆ ಸಿಪ್ರಿಯನ್. ಅವನಿಗೆ ಅದು ದೇವರು ತೋರಿದ ಸೂಚನೆ. ನನಗೆ ಕಾಣುವುದು ಆ ಊರಿನ ಅವಸ್ಥೆ: ಯಾರು ಏನು ಮಾಡಿದರು ಎಂಬುದು ಒಂದೇ ಮನೆಯೊಳಗೂ ಗೊತ್ತಿಲ್ಲ.

ಬಿಷಪ್ ಎಲ್ಲಿದ್ದ? ಅಡಗಿದ್ದ. ಸರ್ಕಸ್ಸಿನಲ್ಲಿ ಜನ ಸಿಪ್ರಿಯನ್ನನನ್ನು ಸಿಂಹಕ್ಕೆ ಹಾಕಿ ಎಂದು ಕೂಗುತ್ತಿದ್ದರು. ಕ್ರೈಸ್ತರ ಬಿಷಪ್ ಸಿಪ್ರಿಯನ್ನನ ಸ್ವತ್ತು ಯಾರ ಬಳಿ ಇದ್ದರೂ ಮುಟ್ಟುಗೋಲು ಎಂದು ಸರಕಾರಿ ಪ್ರಕಟಣೆಯೇ ಹೊರಟಿತ್ತು. ಆತ 250ರ ಆರಂಭದಲ್ಲಿ ಊರು ಬಿಟ್ಟ. ಅದೇ ಜನವರಿ 20ರಂದು ರೋಮಿನ ಬಿಷಪ್ ಫೇಬಿಯನ್ ರಕ್ತಸಾಕ್ಷಿಯಾಗಿದ್ದ. ರೋಮಿನ ಯಾಜಕರಿಂದ ಕಾರ್ತೇಜಿಗೆ ಬಂದ ಪತ್ರದಲ್ಲಿ, ತೋಳ ಬಂದಾಗ ಕುರಿ ಬಿಟ್ಟೋಡುವ ಕೂಲಿಯಾಳಿನ ಮಾತು ಇತ್ತು. ಯಾರಿಗೆ ಚುಚ್ಚಿದ್ದು ಎಂದು ಹೇಳಬೇಕಾಗಿಲ್ಲ. ಸಹಿಯಿಲ್ಲದ ಆ ಪತ್ರವನ್ನು ಸಿಪ್ರಿಯನ್ ಅವರಿಗೇ ಹಿಂದಿರುಗಿಸಿ, ಇದು ನಿಜಕ್ಕೂ ನಿಮ್ಮದೇ ಏನು, ನೋಡಿ ಹೇಳಿ ಎಂದು ಕೇಳಿದ. ಆಮೇಲೆ, ಅಡಗಿದ್ದಾಗಲೂ ತಾನು ಸುಮ್ಮನಿರಲಿಲ್ಲ ಎಂದು ತೋರಿಸಲು ತಾನು ಬರೆದ 13 ಪತ್ರಗಳ ಪ್ರತಿಗಳನ್ನು ರೋಮಿಗೆ ಕಳಿಸಿದ.

ಆ ಪತ್ರಗಳನ್ನು ಓದಿದರೆ ದೂರದಲ್ಲಿದ್ದು ಊರು ನಡೆಸುವುದು ಹೇಗಿರುತ್ತದೆ ಎಂದು ತಿಳಿಯುತ್ತದೆ. ವಿಧವೆಯರನ್ನು, ರೋಗಿಗಳನ್ನು, ಬಡವರನ್ನು ನೋಡಿಕೊಳ್ಳಿ. ಪರಊರಿನವರಿಗೆ ಏನಾದರೂ ಬೇಕಾದರೆ ನಾನು ರೊಗೇಷಿಯಾನಸ್ ಬಳಿ ಬಿಟ್ಟುಬಂದ ನನ್ನ ಸ್ವಂತ ಹಣದಿಂದ ಕೊಡಿ. ಅದು ಮುಗಿದೀತೆಂದು ಇನ್ನಷ್ಟು ಕಳಿಸಿದ್ದೇನೆ. ಸೆರೆಮನೆಗೆ ಗುಂಪಾಗಿ ಹೋಗಬೇಡಿ, ಅನುಮಾನ ಬಂದು ಬಾಗಿಲು ಮುಚ್ಚಿಬಿಟ್ಟಾರು. ಒಬ್ಬ ಹಿರಿಯ, ಒಬ್ಬ ಡೀಕನ್, ಸರದಿಯ ಮೇಲೆ ಬದಲಾಗಿ ಹೋಗಿ. ಸೆರೆಯಲ್ಲಿ ಸತ್ತವರ ದಿನ ಗುರುತು ಹಾಕಿಡಿ, ವರ್ಷವರ್ಷ ನೆನೆಯಬೇಕು.

ಉಪನ್ಯಾಸದ ನಡುವೆ ಸಭಿಕರೊಬ್ಬರು ಇಲ್ಲಿ ತಡೆದು ಕೇಳಿದರು: ಓಡಿಹೋದವನು ಬಲಿಪೀಠಕ್ಕೆ ತಲೆಬಾಗಿದವರನ್ನು ಶಿಕ್ಷಿಸುವುದು ಸರಿಯೇ? ಕಾರ್ತೇಜೂ ಕೇಳಿದ್ದು ಅದನ್ನೇ. ಸೆರೆಯಲ್ಲಿ ಚಿತ್ರಹಿಂಸೆ ತಿಂದು ಬದುಕಿದವರಿಗೆ ಜನರ ಕಣ್ಣಲ್ಲಿ ಅಪಾರ ಗೌರವ. ಬಿದ್ದವರು, ಅಂದರೆ ಬಲಿ ಕೊಟ್ಟವರು ಅಥವಾ ಚೀಟಿ ಕೊಂಡವರು, ಅವರ ಬಳಿ ಹೋಗಿ, ನಮ್ಮ ಪರವಾಗಿ ಒಂದು ಪತ್ರ ಕೊಡಿ ಎಂದು ಕೇಳತೊಡಗಿದರು. ಅವರೂ ಕೊಟ್ಟರು. ಮೊದಮೊದಲು ಹೆಸರು ಹಿಡಿದು, ಆಮೇಲೆ ಇಂಥವನನ್ನು ಅವನ ಮನೆಯವರ ಸಮೇತ ಸೇರಿಸಿಕೊಳ್ಳಿ ಎಂದು. ಇಪ್ಪತ್ತೋ ಮೂವತ್ತೋ ಮಂದಿ ತಾವೂ ಆ ಮನೆಯವರೇ ಎಂದು ಬಂದರೆ ಏನು ಮಾಡಲಿ ಎಂದು ಸಿಪ್ರಿಯನ್ ಅಂಗಲಾಚುತ್ತಾನೆ. ಕೊನೆಗೆ ಲೂಸಿಯಾನಸ್ ಎಂಬಾತ ಎಲ್ಲ ಸೆರೆಯಾಳುಗಳ ಹೆಸರಿನಲ್ಲಿ, ಬಿದ್ದ ಮೇಲೆ ನೆಟ್ಟಗೆ ನಡೆದುಕೊಂಡವರಿಗೆಲ್ಲ ನಾವು ಶಾಂತಿ (ಸಭೆಗೆ ಮರಳಲು ಕ್ಷಮೆ) ಕೊಟ್ಟಿದ್ದೇವೆ, ಉಳಿದ ಬಿಷಪರಿಗೂ ತಿಳಿಸು ಎಂದು ಸಿಪ್ರಿಯನ್‌ಗೇ ಪತ್ರ ಬರೆದ. ಹಿಂದೆ ವಿರೋಧಿಸಿದ ಹಿರಿಯರು ಈ ಪತ್ರಗಳನ್ನು ಒಪ್ಪಿ ಪರಮಪ್ರಸಾದ ಕೊಟ್ಟೂಬಿಟ್ಟರು. ಬಿಷಪ್ ಇಲ್ಲದೆಯೇ ಕ್ಷಮೆ ನಡೆಯತೊಡಗಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ಸೆರೆಯಾಳುಗಳ ಕರುಣೆ ದೊಡ್ಡದು, ಮತ್ತು ಸಿಪ್ರಿಯನ್ನನ ಹಟಕ್ಕೂ ಅರ್ಥವಿದೆ. ಕ್ಷಮೆಯೂ ಊಟದ ಹಾಗೆಯೇ ಸಭೆಯ ಎಲ್ಲರದ್ದು. ಯಾರ ಬಳಿ ಪ್ರಭಾವವಿದೆಯೋ ಅವರ ಚೀಟಿ ತಂದವನಿಗೆ ಮೊದಲು ಸಿಗುವುದಾದರೆ, ಚೀಟಿ ಸಿಗದ ಬಡವಿ ಹೊರಗೇ ನಿಲ್ಲಬೇಕು. ಹಾಗಾಗಿ ಆತ ಪಟ್ಟು ಹಿಡಿದದ್ದು ಒಂದಕ್ಕೆ: ಎಲ್ಲರೂ ಸೇರಿದ ಮೇಲೆ, ಜನರ ಎದುರಿನಲ್ಲೇ, ಒಬ್ಬೊಬ್ಬರ ಪ್ರಕರಣ ವಿಚಾರಿಸಿ ತೀರ್ಮಾನ. ಬಿಷಪ್ ಆದಾಗಿನಿಂದ ನಿಮ್ಮ ಸಲಹೆ, ಜನರ ಒಪ್ಪಿಗೆ ಇಲ್ಲದೆ ನನ್ನೊಬ್ಬನ ಅಭಿಪ್ರಾಯದ ಮೇಲೆ ಏನನ್ನೂ ಮಾಡಬಾರದೆಂದು ನಿಶ್ಚಯಿಸಿದ್ದೇನೆ ಎಂದು ಅವನು ಅಡಗುತಾಣದಿಂದ ತನ್ನ ಹಿರಿಯರಿಗೂ ಡೀಕನರಿಗೂ ಬರೆದ.

ಜಗಳ ಒಡೆದದ್ದು ಮಾತ್ರ ಹಣದ ಪೆಟ್ಟಿಗೆಯ ಸುತ್ತ. 251ರ ಆರಂಭದಲ್ಲಿ ಸಿಪ್ರಿಯನ್ ತನ್ನ ಪರವಾಗಿ ಕೆಲವರನ್ನು ಕಳಿಸಿದ: ಕಷ್ಟದಲ್ಲಿರುವವರಿಗೆ ನೆರವು ಕೊಡಿ, ತಮ್ಮ ಕಸುಬನ್ನು ಮತ್ತೆ ಶುರು ಮಾಡಬೇಕೆನ್ನುವವರಿಗೆ ಬೇಕಾದಷ್ಟು ಸೇರಿಸಿ ಕೊಡಿ, ಒಬ್ಬೊಬ್ಬರ ವಯಸ್ಸು, ಸ್ಥಿತಿ, ಯೋಗ್ಯತೆ ಬರೆದುಕೊಳ್ಳಿ. ವಿರೋಧಿ ಹಿರಿಯರ ಕಡೆಯ ಫೆಲಿಸಿಸಿಮಸ್ ಎಂಬಾತ ಇದನ್ನು ತಡೆದ. ಮೊದಲಿಗೆ ಬಂದು ನೆರವು ಪಡೆದವರನ್ನು, ಇನ್ನು ನಮ್ಮ ಜೊತೆ ನಿಮಗೆ ಪ್ರಸಾದದ ಪಾಲಿಲ್ಲ ಎಂದು ಹೆದರಿಸಿದ. ಬಿಷಪ್‌ನ ಹಣ ಮುಟ್ಟಿದವನು ಬಿಷಪ್‌ನವನು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಈಸ್ಟರ್ ಕಳೆದ ಮೇಲೆ ಸಿಪ್ರಿಯನ್ ಊರಿಗೆ ಮರಳಿದ. ಬಿಷಪರ ಸಭೆ ಸೇರಿತು. ಬಲಿ ಕೊಡದೆ ಚೀಟಿ ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು; ನಿಜವಾಗಿ ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲಿ ಇರಬೇಕು, ಸಾವಿನ ಹಾಸಿಗೆಯಲ್ಲಿ ಅವರಿಗೂ ಶಾಂತಿ. ಎರಡು ವರ್ಷ ಕಳೆಯುವುದರೊಳಗೆ ಹೊಸ ಹಿಂಸೆಯ ಭಯ ಹುಟ್ಟಿದಾಗ ಇವರೆಲ್ಲರನ್ನೂ ಒಳಕ್ಕೆ ಕರೆದುಕೊಂಡರು. ಅಷ್ಟರಲ್ಲಿ ಕಾರ್ತೇಜಿನಲ್ಲಿ ಸಿಪ್ರಿಯನ್ ಅಲ್ಲದೆ ಇನ್ನಿಬ್ಬರು ಬಿಷಪ್ ಎಂದು ಹೇಳಿಕೊಳ್ಳುತ್ತಿದ್ದರು. ಬಿದ್ದವರನ್ನು ಸುಲಭಕ್ಕೆ ಸೇರಿಸಿಕೊಳ್ಳುವ ಸಡಿಲ ಪಕ್ಷದವನೊಬ್ಬ, ಸೇರಿಸಲೇಬಾರದು ಎನ್ನುವ ಬಿಗಿ ಪಕ್ಷದವನೊಬ್ಬ.

ಇಲ್ಲಿ ಸಿಪ್ರಿಯನ್ನನ ಒಂದು ಸಾಲು ನನಗೆ ತುಂಬ ಇಷ್ಟ. ಎದುರು ಗುಂಪಿನಿಂದ ಮರಳಿ ಬರುವವರನ್ನು ಸೇರಿಸಿಕೊಳ್ಳಲು ನಮ್ಮ ಜನ ಸುಲಭಕ್ಕೆ ಒಪ್ಪುವುದಿಲ್ಲ, ಹೇಗೋ ಮನವೊಲಿಸುತ್ತೇನೆ, ಇಲ್ಲ, ಕಸಿದುಕೊಂಡಂತೆ ಒಪ್ಪಿಗೆ ಪಡೆಯುತ್ತೇನೆ ಎನ್ನುತ್ತಾನೆ. ಜನ ಬೇಡ ಬೇಡ ಎಂದರೂ ತಾನು ಸೇರಿಸಿಕೊಂಡ ಒಬ್ಬಿಬ್ಬರು ಮುಂಚೆಗಿಂತ ಕೆಟ್ಟರು, ಜನರ ಸಿಟ್ಟೇ ಸರಿಯಿತ್ತು ಎಂದೂ ಒಪ್ಪುತ್ತಾನೆ. ಹೊರಗಿನಿಂದ ನೋಡಿದರೆ ಎಲ್ಲ ಅಧಿಕಾರ ಅವನದ್ದು. ಒಳಗೆ, ತನ್ನ ಮುಂದೆ ನಿಂತ ಜನರ ಜೊತೆ ಹೀಗೆ ಗುದ್ದಾಡದೆ ಅವನು ಒಬ್ಬನನ್ನೂ ಬಾಗಿಲ ಒಳಗೆ ತರಲಾರ.

252ರ ಸುಮಾರಿಗೆ ಮಹಾಮಾರಿ ಬಂತು. ಭೇದಿ, ಗಂಟಲಲ್ಲಿ ಉರಿ, ನಿಲ್ಲದ ವಾಂತಿ, ರಕ್ತ ಕಟ್ಟಿದ ಕಣ್ಣು, ಕೆಲವರಿಗೆ ಕೊಳೆತು ಬೀಳುವ ಪಾದ: ಲಕ್ಷಣಗಳನ್ನು ಸಿಪ್ರಿಯನ್ ಎಷ್ಟು ಬಿಡಿಸಿ ಬರೆದನೆಂದರೆ ಆ ಪಿಡುಗಿಗೆ ಇತಿಹಾಸಕಾರರು ಅವನ ಹೆಸರನ್ನೇ ಇಟ್ಟಿದ್ದಾರೆ. ಜನ ತಮ್ಮವರನ್ನೇ ಬೀದಿಗೆ ಹಾಕುತ್ತಿದ್ದರು ಎನ್ನುತ್ತಾನೆ ಪಾಂಟಿಯಸ್. ಬಿಷಪ್ ಸಭೆ ಕರೆದು, ನಮ್ಮವರಿಗೆ ಮಾತ್ರ ಮಾಡಿದರೆ ಅದರಲ್ಲಿ ಹೆಚ್ಚೇನಿದೆ ಎಂದು ಹೇಳಿ, ಉಳ್ಳವರಿಂದ ಹಣ, ಇಲ್ಲದವರಿಂದ ಮೈಕೆಲಸ ಎಂದು ಹಂಚಿದ. ತಮ್ಮನ್ನು ಸಿಂಹಕ್ಕೆ ಹಾಕಿ ಎಂದು ಕೂಗಿದ ನೆರೆಯವರನ್ನೂ ಅವರು ನೋಡಿಕೊಂಡರು. ಇದೇ ಸುಮಾರಿಗೆ ಪಕ್ಕದ ನುಮಿಡಿಯಾ ಪ್ರಾಂತದಲ್ಲಿ ದಾಳಿಕೋರರು ಕ್ರೈಸ್ತರನ್ನು ಹೊತ್ತೊಯ್ದಾಗ ಕಾರ್ತೇಜಿನ ಸಭೆ ಬಿಡುಗಡೆಯ ಹಣವಾಗಿ 1,00,000 ಸೆಸ್ಟರ್ಸ್ ನಾಣ್ಯ ಕೂಡಿಸಿ ಅಲ್ಲಿನ ಎಂಟು ಬಿಷಪರಿಗೆ ಕಳಿಸಿತು. ಜೊತೆಗೆ ಕೊಟ್ಟವರೆಲ್ಲರ ಹೆಸರಿನ ಪಟ್ಟಿ: ಪ್ರಾರ್ಥನೆಯಲ್ಲಿ ಇವರನ್ನು ನೆನೆಯಿರಿ.

ಸಭೆಯಿಂದ ಬೇರೆಯಾದ ಪಾಷಂಡಿಗಳು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂದು ರೋಮಿನ ಬಿಷಪ್ ಸ್ಟೀಫನ್ ಜೊತೆ ನಡೆದ ವಾದ ಬೇರೆಯೇ ಉಪನ್ಯಾಸ ಬೇಡುತ್ತದೆ. ಇಲ್ಲಿಗೆ ಬೇಕಾದದ್ದು ಇಷ್ಟೇ: 256ರ ಸೆಪ್ಟೆಂಬರ್ 1ರಂದು ಕಾರ್ತೇಜಿನಲ್ಲಿ ಆಫ್ರಿಕಾದ 87 ಬಿಷಪರ ಅಭಿಪ್ರಾಯ ಒಂದೊಂದಾಗಿ ದಾಖಲಾಯಿತು. ಥೇನೆಯ ಯೂಕ್ರೇಟಿಯಸ್ ಕೂಡ ಆ ಪಟ್ಟಿಯಲ್ಲಿದ್ದಾನೆ. ನಮ್ಮಲ್ಲಿ ಯಾರೂ ತನ್ನನ್ನು ಬಿಷಪರ ಬಿಷಪ್ ಎಂದು ಸ್ಥಾಪಿಸಿಕೊಳ್ಳುವುದಿಲ್ಲ ಎಂದು ಸಿಪ್ರಿಯನ್ ಮೊದಲಿಗೇ ಸಾರಿದ. ಒಂದು ಊರು, ಒಬ್ಬ ಬಿಷಪ್, ಎಲ್ಲರೂ ಸಮಾನರು.

ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಗುರಿ ನೇರವಾಗಿ ಬಿಷಪರೇ. 257ರ ಆಗಸ್ಟ್ 30ರಂದು ಪ್ರಾಂತವನ್ನು ಆಳುವ ಪ್ರೊಕಾನ್ಸಲ್ ಪಟೇರ್ನಸ್ ವಿಚಾರಣೆ ನಡೆಸಿದ. ನಾನು ಕ್ರೈಸ್ತ, ಬಿಷಪ್ ಎಂದ ಸಿಪ್ರಿಯನ್. ಈ ಊರಿನ ಹಿರಿಯರು ಯಾರು ಯಾರು ಹೇಳು ಎಂದಾಗ, ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆ, ಹೇಳಲಾರೆ ಎಂದ. ಕುರುಬಿಸ್ ಎಂಬ ಊರಿಗೆ ಗಡೀಪಾರು. ಮರುವರ್ಷ ಕಾರ್ತೇಜಿಗೆ ಮರಳಿ ತನ್ನ ತೋಟದಲ್ಲಿ ಇದ್ದಾಗ ಹೊಸ ಪ್ರೊಕಾನ್ಸಲ್ ಯೂಟಿಕಾದಲ್ಲಿದ್ದ, ಅಲ್ಲಿಗೇ ಕರೆತರಲು ಆಳು ಕಳಿಸಿದ. ಸಿಪ್ರಿಯನ್ ಮತ್ತೆ ಅಡಗಿದ. ಈ ಸಲದ ಕಾರಣವನ್ನು ತನ್ನ ಜನರಿಗೆ ಬರೆದ ಕೊನೆಯ ಪತ್ರದಲ್ಲಿ ಹೇಳುತ್ತಾನೆ: ಬಿಷಪ್ ಯಾವ ಊರಿನ ಸಭೆಯನ್ನು ನಡೆಸುತ್ತಾನೋ ಆ ಊರಿನಲ್ಲೇ ಕರ್ತನನ್ನು ಒಪ್ಪಿಕೊಳ್ಳಬೇಕು, ಆ ಗಳಿಗೆಯಲ್ಲಿ ಬಿಷಪ್ ಆಡುವ ಮಾತು ಎಲ್ಲರ ಬಾಯಿಂದ ಬಂದಂತೆ. ಯೂಟಿಕಾದಲ್ಲಿ ಸತ್ತರೆ ಅದು ಕಾರ್ತೇಜಿಗೆ ಸಲ್ಲದು. ಎಂಟು ವರ್ಷ ಹಿಂದೆ ಓಡಿಹೋದವನೆಂಬ ಮಾತು ಅವನ ಬೆನ್ನಿಗಿತ್ತು. ಆ ನೆನಪಿಲ್ಲದೆ ಈ ಪತ್ರ ಬರೆದಿರಲಾರ ಎಂದೇ ನಾನು ನಂಬಿದ್ದೇನೆ.

ಪ್ರೊಕಾನ್ಸಲ್ ಕಾರ್ತೇಜಿಗೆ ಬಂದ. ಸೆಪ್ಟೆಂಬರ್ 13ರಂದು ಸಿಪ್ರಿಯನ್ ತನ್ನ ತೋಟದಲ್ಲಿ ಸೆರೆಯಾದ. ಆ ರಾತ್ರಿ ಅವನನ್ನು ಅಧಿಕಾರಿಯೊಬ್ಬನ ಮನೆಯಲ್ಲಿಟ್ಟರು. ಸಭೆಯ ಜನರೆಲ್ಲ ಬಾಗಿಲ ಮುಂದೆ ಬೀದಿಯಲ್ಲೇ ರಾತ್ರಿ ಕಳೆದರು. ಒಳಗಿನಿಂದ ಅವನು ಹೇಳಿ ಕಳಿಸಿದ್ದು, ಹುಡುಗಿಯರಿಗೆ ಕಾವಲು ಇರಲಿ ಎಂದು. ಮರುದಿನದ ವಿಚಾರಣೆಯ ದಾಖಲೆ ಕೆಲವೇ ಸಾಲು. ಚಕ್ರವರ್ತಿಗಳು ಪೂಜೆ ಮಾಡಲು ಆಜ್ಞಾಪಿಸಿದ್ದಾರೆ. ಮಾಡುವುದಿಲ್ಲ. ಯೋಚಿಸು. ನಿನಗೆ ವಿಧಿಸಿದ್ದನ್ನು ನೀನು ಮಾಡು, ಇಷ್ಟು ಸ್ಪಷ್ಟವಾದ ನ್ಯಾಯದಲ್ಲಿ ಯೋಚಿಸುವುದೇನೂ ಇಲ್ಲ. ಕತ್ತಿಯಿಂದ ಶಿರಚ್ಛೇದ ಎಂದು ತೀರ್ಪು ಓದಿದಾಗ, ದೇವರಿಗೆ ಸ್ತೋತ್ರ ಎಂದ. ನಮ್ಮ ತಲೆಯನ್ನೂ ತೆಗೆಯಿರಿ ಎಂದು ಜನ ಕೂಗಿದರು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತನ್ನವರಿಗೆ ಹೇಳಿದ, ಕೊನೆಯ ಲೆಕ್ಕವನ್ನೂ ತಾನೇ ತೀರಿಸಿದ.

ಐವತ್ತು ವರ್ಷ ದಾಟಿ ಇದೇ ಊರಿಗೆ ಬನ್ನಿ. 311ರ ಸುಮಾರಿಗೆ ಸಿಸಿಲಿಯನ್ ಬಿಷಪ್ ಆದ. ಡೀಕನ್ ಆಗಿದ್ದಾಗ ಆತ ಲೂಸಿಲ್ಲಾ ಎಂಬ ಶ್ರೀಮಂತೆಯನ್ನು, ಪ್ರಸಾದ ಪಡೆಯುವ ಮೊದಲು ರಕ್ತಸಾಕ್ಷಿಯ ಎಲುಬಿಗೆ ಮುತ್ತಿಡುತ್ತಾಳೆಂದು ಗದರಿದ್ದ. ಅವಳು ಮರೆಯಲಿಲ್ಲ. ನುಮಿಡಿಯಾದ 70 ಬಿಷಪರು ಬಂದು ಆಯ್ಕೆ ಸಲ್ಲದೆಂದು ತೀರ್ಪು ಕೊಟ್ಟು, ಅವಳ ಮನೆಯ ಬಳಗದವನನ್ನೇ ಬಿಷಪ್ ಮಾಡಿದರು. ಊರು ಎರಡು ಭಾಗವಾಯಿತು, ಒಡಕು ನೂರು ವರ್ಷ ಮೀರಿ ನಡೆಯಿತು. ಎರಡೂ ಕಡೆಯವರು ಸಿಪ್ರಿಯನ್ ನಮ್ಮವನು ಎಂದರು.

ಈ ನಡುವೆ ಸಿಸಿಲಿಯನ್ನನಿಗೆ ಒಂದು ಪತ್ರ ಬಂತು, ಬರೆದವನು ಚಕ್ರವರ್ತಿ ಕಾನ್‌ಸ್ಟಾಂಟೈನ್. ಆಫ್ರಿಕಾದ ಹಣಕಾಸು ಅಧಿಕಾರಿ ಉರ್ಸಸ್‌ಗೆ ನಿನಗೆ 3000 ಫಾಲಿಸ್ ಹಣ ಎಣಿಸಿಕೊಡಲು ಹೇಳಿದ್ದೇನೆ. ಹೋಸಿಯಸ್ (ಚಕ್ರವರ್ತಿಯ ಸಲಹೆಗಾರನಾಗಿದ್ದ ಬಿಷಪ್) ಕಳಿಸಿದ ಪಟ್ಟಿಯಂತೆ ಯಾಜಕರಿಗೆ ಹಂಚು. ಸಾಲದಿದ್ದರೆ ನಮ್ಮ ಜಮೀನುಗಳ ಮೇಲ್ವಿಚಾರಕನನ್ನು ಕೇಳು. ಸಿಪ್ರಿಯನ್ನನ ಪಟ್ಟಿಯಲ್ಲಿ ಕೊಟ್ಟವರ ಹೆಸರುಗಳಿದ್ದವು, ಊರಿನ ಜನರ ಹೆಸರುಗಳು. ಈ ಪಟ್ಟಿಯಲ್ಲಿ ಇದ್ದದ್ದು ಪಡೆಯುವವರ ಹೆಸರು. ಕೊಡುವವನು ಒಬ್ಬನೇ, ಅವನು ಕಾರ್ತೇಜಿನವನಲ್ಲ.